ಹೋದವನ ಪಾಠ

ಮಿಲಾಗ್ರೊಸಾ ಅಂಗಳದ ಕಲ್ಲಿನ ಮೇಲೆ ಕೂತು ಕೆಸುವಿನ ಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಅಂಟಿಗೆ ಕೈ ತುರಿಸುತ್ತಿತ್ತು. ಕಣ್ಣು ಗೆಡ್ಡೆಯ ಮೇಲೆ, ಕಿವಿ ಮಗಳ ಮೇಲೆ.

“ಯೊ ಬೊಯ್… ಹೋಗ್ತೀನಿ.” ಒಂಬತ್ತರ ತೆಕ್ಲಾ ಅಂಗೈಯನ್ನು ಎದೆಗೊತ್ತಿದಳು.

“ಯೊ ಫುಯಿ… ಹೋದೆ.” ಕೈ ಭುಜದ ಮೇಲಿಂದ ಹಿಂದಕ್ಕೆ ಹೋಯಿತು.

“ಯೊ ಇಬಾ… ಹೋಗ್ತಾ ಇದ್ದೆ.” ಈಗ ಕೈ ತೊಟ್ಟಿಲಿನ ಹಾಗೆ ತೂಗಿತು.

“ಯೊ…”

ನಿಂತುಬಿಟ್ಟಳು. ದಿನಾ ಇಲ್ಲೇ ನಿಲ್ಲುವುದು!

“ಮುಂದೆ ಹೋಗೋದಕ್ಕೆ ಕೈ ಎಲ್ಲಿಗೆ ಹೋಗತ್ತೆ ಕೂಸೇ?”

“ಸಮುದ್ರದ ಕಡೆಗೆ.”

“ಮತ್ತೆ ತೋರಿಸು! ಒಂಬತ್ತು ಗಂಟೆಗೆ ಪರೀಕ್ಷೆ. ಮಲಾಬೊ ಪಟ್ಟಣದಿಂದ ಬರೋ ಮೇಷ್ಟ್ರು ಕಾಯ್ತಾ ಕೂರ್ತಾರಾ?”

ಬಾಗಿಲಲ್ಲಿ ಕೂತಿದ್ದ ಅಜ್ಜಿ ಎಪಿಫಾನಿಯಾ ನಕ್ಕಳು. “ಈ ಸ್ಪ್ಯಾನಿಷ್‌ನವರದ್ದೊಂದು! ಹೋಗೋದಕ್ಕೆ ಇಷ್ಟೊಂದು ಮಾತು ಯಾಕೆ? ನಮ್ಮ ಬುಬಿ ಜನ ಎದ್ದು ಹೋಗ್ತಾರೆ, ಮುಗೀತು.”

“ಅದೂ ಒಂದರ ಹಾಗೆ ಇನ್ನೊಂದಿಲ್ಲ ಅಜ್ಜೀ! ಬೊಯ್, ಫುಯಿ, ಇಬಾ… ಒಂದೇ ತಾಯಿ ಮಕ್ಕಳು ಅಂತಾರೆ, ಯಾರ ಮುಖವೂ ಯಾರಿಗೂ ಇಲ್ಲ.”

ತೆಕ್ಲಾ ಕೈ ಎತ್ತಲೇ ಇಲ್ಲ. ಕೆಳಗೆ, ಕೋಕೋ ತೋಟಗಳ ಆಚೆ, ಲೂಬಾದ ಕೊಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪ ಆ ನೀರಿನಲ್ಲಿದ್ದಾನೆ ಎಂದು ಅವಳಿಗೆ ಹೇಳಿದ್ದರು. ವರ್ಷಕ್ಕೊಮ್ಮೆ, ಸತ್ತವರ ದಿನದಂದು, ಅಮ್ಮ ದಡದಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ಗಾಳಿಗೆ ಆರಿದರೆ ಮತ್ತೆ ಹಚ್ಚುತ್ತಾಳೆ.

“ಅಮ್ಮಾ…”

“ಏನು?”

ತಾಯಿಯ ಮುಖ ನೋಡಿದವಳೇ ತೆಕ್ಲಾ ಮಾತು ನುಂಗಿದಳು. “ಏನಿಲ್ಲ.”

ಅಷ್ಟರಲ್ಲಿ ಏರು ರಸ್ತೆಯಲ್ಲಿ ಕಾರೊಂದು ಬಂದು ಬೇಲಿಯ ಪಕ್ಕ ನಿಂತಿತು. ಡ್ರೈವರ್ ಇಳಿದು ಕೂಗಿದ. “ಅಕ್ಕಾ, ಒಂದು ಬಕೆಟ್ ನೀರು ಕೊಡ್ತೀರಾ? ಇಂಜಿನ್ ಕಾದುಬಿಟ್ಟಿದೆ.”

ಮಿಲಾಗ್ರೊಸಾ ಕೈ ಒರೆಸಿಕೊಂಡು ಎದ್ದಳು. “ನೀನು ನಿಲ್ಲಿಸಬೇಡ, ಮೊದಲಿಂದ ಹೇಳು!” ಎಂದು ಮಗಳಿಗೆ ಹೇಳಿ, ನೀರು ತುಂಬಿದ ಬಕೆಟ್ ಎತ್ತಿಕೊಂಡು ಬೇಲಿಯ ಕಡೆ ನಡೆದಳು.

ತೆಕ್ಲಾ ಮತ್ತೆ ಶುರುಮಾಡಿದಳು. ಎದೆಗೆ ಕೈ… ಭುಜದ ಹಿಂದಕ್ಕೆ ಕೈ… ತೊಟ್ಟಿಲಿನ ಹಾಗೆ ತೂಗುವ ಕೈ…

ಕಾರಿನ ಹಿಂಬಾಗಿಲು ತೆರೆಯಿತು. ಒಬ್ಬ ಗಂಡಸು ಇಳಿದ. ಕಿವಿಯ ಬಳಿ ನರೆತ ಕೂದಲು, ಮಾಸಲು ಬಿಳಿ ಅಂಗಿ. ಅವನು ಮಿಲಾಗ್ರೊಸಾಳನ್ನು ನೋಡಲಿಲ್ಲ. ಮಗುವಿನ ಕೈಯನ್ನೇ ನೋಡುತ್ತಿದ್ದ.

“ಯೊ ಇರೆ… ಮುಂದೆ ಹೋಗುವೆ.” ಅವನ ತುಟಿ ಅಲುಗಿತು. ಅವನ ಕೈ ತಾನೇ ತಾನಾಗಿ ಸಮುದ್ರದ ಕಡೆ ಎದ್ದಿತು.

ಬಕೆಟ್ ಕೆಳಗೆ ಬಿತ್ತು. ನೀರೆಲ್ಲ ಅವಳ ಕಾಲ ಮೇಲೆ!

‘ಈ ಕೈ… ದೇವರೇ, ಈ ಕೈ!’

ಹತ್ತು ವರ್ಷದ ಹಿಂದೆ ಇದೇ ಕೈ ಅವಳ ಕೈ ಹಿಡಿದು ಸಮುದ್ರ ತೋರಿಸಿತ್ತು. ಹಸಿಂತೊ ಸಮುದ್ರದ ಆಚೆ ದಡದ ಬಾಟಾ ಊರಿನವನು, ಮೂರು ತಿಂಗಳ ಮಟ್ಟಿಗೆ ಬಂದಿದ್ದ ಬದಲಿ ಮೇಷ್ಟ್ರು. ಸಂಜೆ ದೊಡ್ಡವರಿಗೂ ಪಾಠ ಹೇಳುತ್ತಿದ್ದ. ಇಪ್ಪತ್ತರ ಮಿಲಾಗ್ರೊಸಾಗೆ ಆ ಹಾಳು ಕ್ರಿಯಾಪದ ತಲೆಗೆ ಹತ್ತದಿದ್ದಾಗ, ಅವಳಿಗಾಗಿಯೇ ಈ ಕೈಸನ್ನೆಗಳನ್ನು ಹುಟ್ಟಿಸಿದ. ಲೋಕದಲ್ಲಿ ಬೇರೆ ಯಾರಿಗೂ ಅವು ಗೊತ್ತಿರಲಿಲ್ಲ.

“ಹೋಗು ಅನ್ನೋದು ಕಲಿತಾಯ್ತು. ಮುಂದಿನ ಪಾಠ ‘ಬರು’,” ಎಂದಿದ್ದ.

ಆ ಪಾಠ ಆಗಲೇ ಇಲ್ಲ. ತಂದೆಗೆ ಕಾಯಿಲೆ ಎಂದು ಸುದ್ದಿ ಬಂತು. ಅವಳು ಬಸುರಿ ಎಂದು ಅವಳಿಗೇ ಗೊತ್ತಾಗುವ ಮೊದಲೇ ಹಸಿಂತೊ ಹೊರಟ. ಬಂದುಬಿಡುತ್ತೀರಲ್ಲ ಎಂದು ಕೇಳಬೇಕೆಂದಿದ್ದವಳು ನಾಚಿ ಸುಮ್ಮನಾದಳು. ತಿಂಗಳ ನಂತರ ಬಾಟಾದಿಂದ ಹೊರಟ ದೋಣಿ ಮುಳುಗಿತು. ರೇಡಿಯೋದಲ್ಲಿ ಓದಿದ ಹೆಸರುಗಳಲ್ಲಿ ಅವನ ಹೆಸರೂ ಇತ್ತು.

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು. “ಮಿಲಾ… ಸತ್ತವರು ಹಗಲು ಹೊತ್ತಲ್ಲಿ ಬರಲ್ಲ ಕಣೇ. ಅವನ ನೆರಳು ಬೀಳ್ತಾ ಇದೆಯಾ ನೋಡು!”

ನೆರಳು ಬಿದ್ದಿತ್ತು. ಅವಳ ಒದ್ದೆ ಕಾಲಿನವರೆಗೂ ಬಿದ್ದಿತ್ತು.

“ನೀವು… ಮುಳುಗಲಿಲ್ವಾ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ನಾನು ಆ ದೋಣಿ ಹತ್ತಲೇ ಇಲ್ಲ ಮಿಲಾಗ್ರೊಸಾ. ಅವತ್ತೇ ಅಪ್ಪ ತೀರ್ಕೊಂಡ್ರು. ಹೆಸರು ಮಾತ್ರ ಪಟ್ಟಿಯಲ್ಲಿ ಉಳೀತು. ಬದುಕಿದ್ದೀನಿ ಅಂತ ಒಬ್ಬ ನಾವಿಕನ ಕೈಯಲ್ಲಿ ಕಾಗದ ಕಳಿಸಿದ್ದೆ.”

“ಬರಲಿಲ್ಲ! ಯಾವ ಕಾಗದವೂ ಬರಲಿಲ್ಲ!” ಹತ್ತು ವರ್ಷದ ಅಳು ಒಮ್ಮೆಲೇ ಸಿಟ್ಟಾಗಿ ನುಗ್ಗಿತು. “ಕಾಗದ ಬರದಿದ್ರೆ ನಿನಗೆ ಕಾಲಿರಲಿಲ್ವಾ? ಬದುಕಿದ್ದವನು ಬರಬಾರದಿತ್ತಾ?”

ಜೀವಮಾನದಲ್ಲಿ ಮೊದಲ ಸಲ ಅವಳು ಮೇಷ್ಟ್ರಿಗೆ ‘ನೀನು’ ಅಂದಿದ್ದಳು.

“ಬಂದಿದ್ದೆ.”

“ಸುಳ್ಳು!”

“ಐದು ತಿಂಗಳಿಗೆ ಬಂದಿದ್ದೆ. ಕೆಳಗೆ ತಿರುವಿನಲ್ಲಿ ಮೀನು ಮಾರೋ ಹೆಂಗಸನ್ನ ಕೇಳಿದೆ. ‘ಮಿಲಾಗ್ರೊಸಾನಾ? ಪಾಪ, ಗಂಡ ಹೋದ. ಅಗೋ, ಚರ್ಚ್ ಮುಂದೆ ಕೂತಿದ್ದಾಳೆ’ ಅಂದ್ಲು. ನೋಡಿದೆ. ತಲೆಯಿಂದ ಕಾಲಿನವರೆಗೂ ಕಪ್ಪು ಬಟ್ಟೆ… ವಿಧವೆಯ ಬಟ್ಟೆ. ನೀನು ನನಗೆ ಬೆನ್ನು ಹಾಕಿ ಕೂತಿದ್ದೆ.” ಅವನು ಕಣ್ಣು ತಗ್ಗಿಸಿದ. “ನಾನು ಹೋದ ಮೇಲೆ ನೀನು ಯಾರನ್ನೋ ಮದುವೆಯಾದೆ, ಅವನೂ ಹೋದ ಅಂದ್ಕೊಂಡೆ. ನಿನ್ನ ದುಃಖದ ಬಾಗಿಲಲ್ಲಿ ನಿಂತು ನನ್ನ ದುಃಖ ಹೇಳಿಕೊಳ್ಳೋಕೆ ನಾಚಿಕೆಯಾಯ್ತು. ತಿರುಗಿ ಹೋದೆ.”

ಮಿಲಾಗ್ರೊಸಾ ಬೇಲಿಯ ಗೂಟ ಹಿಡಿದುಕೊಂಡಳು.

“ಅಯ್ಯೋ ಮೇಷ್ಟ್ರೇ… ನಾನು ವಿಧವೆಯಾಗಿದ್ದು ನಿಮಗೇ.”

ಹಸಿಂತೊ ಅವಳನ್ನು ನೋಡಿದ. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನು ಬೇಲಿಯಾಚೆ ಹರಿದಿದ್ದ ನೀರಿನಲ್ಲೇ ಕುಸಿದು ಕೂತ.

“ತಪ್ಪು ನನ್ನದು ಮಗಾ,” ಅಜ್ಜಿ ಬಾಗಿಲು ಹಿಡಿದು ಎದ್ದಳು. “ಹೊಟ್ಟೆಯಲ್ಲಿ ಕೂಸಿತ್ತು, ಕೈಗೆ ಉಂಗುರ ಇರಲಿಲ್ಲ. ಅಪ್ಪ ಇಲ್ಲದ ಮಗು ಅನ್ನೋದಕ್ಕಿಂತ ಅಪ್ಪ ಸತ್ತ ಮಗು ಅನ್ನಲಿ ಊರು ಅಂತ ನಾನೇ ಅವಳ ಲಂಗಗಳಿಗೆ ಕಪ್ಪು ಬಣ್ಣ ಹಾಕಿದೆ. ಒಂದು ವರ್ಷ ಉಡು ಅಂದೆ. ಇವಳು ಮೂರು ವರ್ಷ ಉಟ್ಟಳು.”

ಹೊಟ್ಟೆಯಲ್ಲಿ ಕೂಸು…

ಹಸಿಂತೊ ತಲೆಯೆತ್ತಿದ. ತೆಕ್ಲಾ ಅವನನ್ನೇ ನೋಡುತ್ತಿದ್ದಳು, ಅರ್ಧ ಎತ್ತಿದ ಕೈಯನ್ನು ಹಾಗೆಯೇ ಹಿಡಿದು.

“ಇವಳಿಗೆ… ಎಷ್ಟು ವರ್ಷ?”

“ಒಂಬತ್ತು,” ಎಂದಳು ಮಿಲಾಗ್ರೊಸಾ. “ಅಪ್ಪನದು ಅಂತ ಕೊಡೋಕೆ ನನ್ನ ಹತ್ರ ಏನಿತ್ತು? ಫೋಟೋ ಇಲ್ಲ, ಸಮಾಧಿ ಇಲ್ಲ. ನೀವು ಕಲಿಸಿದ್ದೊಂದಿತ್ತು. ಅದನ್ನೇ ಕೊಟ್ಟೆ.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ಅಳುವುದು ನೋಡಬಾರದೆಂದು ಡ್ರೈವರ್ ಆಕಾಶ ನೋಡಿದ.

“ಇಂಜಿನ್‌ಗೇನೂ ಆಗಿಲ್ಲ ಅಕ್ಕಾ,” ಎಂದ ಮೆಲ್ಲಗೆ. “ಸುಳ್ಳು ಹೇಳು ಅಂದವರು ಇವರೇ. ಹತ್ತು ವರ್ಷ ಆಯ್ತು, ಬೇಲಿಯಾಚೆಯಿಂದ ಒಂದ್ಸಲ ನೋಡ್ಕೊಂಡು ಹೋಗ್ತೀನಿ ಅಂದ್ರು.”

“ಹೆಂಡತಿ ಮಕ್ಕಳು ಇದ್ದಾರೇನಪ್ಪಾ?” ಅಜ್ಜಿ ಕೇಳಿಯೇಬಿಟ್ಟಳು.

“ಅಮ್ಮಾ!”

“ನೀನು ಕೇಳಲ್ಲ. ನಿನ್ನ ಮಗಳೂ ನಿನ್ನ ಹಾಗೇ, ಎಲ್ಲಾ ನುಂಗ್ತಾಳೆ. ನಾನಾದ್ರೂ ಕೇಳಬೇಡ್ವಾ?”

ಹಸಿಂತೊ ಇಲ್ಲವೆಂದು ತಲೆಯಾಡಿಸಿದ. ಎದ್ದು ನಿಂತು ಮಿಲಾಗ್ರೊಸಾಳ ಎದುರು ಬಂದ. ನಡುವೆ ಮೊಣಕಾಲೆತ್ತರದ ಬೇಲಿ. ಹತ್ತು ವರ್ಷದಲ್ಲಿ ಅವಳ ಕಣ್ಣ ಸುತ್ತ ಎಷ್ಟು ಗೆರೆ ಬಿದ್ದಿದ್ದವು! ಒಂದೊಂದೂ ತನ್ನದೇ ಎನ್ನಿಸಿತು ಅವನಿಗೆ.

“ಒಂದು ದಿನವೂ ಬಿಡಲಿಲ್ಲ ನಿನ್ನನ್ನ… ಮನಸ್ಸಲ್ಲಿ. ಆದ್ರೆ ಅವತ್ತು ನಾಲ್ಕು ಹೆಜ್ಜೆ ಮುಂದೆ ಬಂದು ಹೆಸರು ಹಿಡಿದು ಕರೀಬೇಕಿತ್ತು. ಕರೀಲಿಲ್ಲ.”

“ಕರೆದಿದ್ರೆ ತಿರುಗಿ ನೋಡ್ತಿದ್ದೆ,” ಎಂದಳು. ಅಷ್ಟೇ. ಬೈಯಲು ಹತ್ತು ವರ್ಷದ ಮಾತಿತ್ತು. ಒಂದೂ ಬರಲಿಲ್ಲ.

ಡ್ರೈವರ್ ಕೆಮ್ಮಿದ. “ಮೇಷ್ಟ್ರೇ, ಪರೀಕ್ಷೆಗೆ ಹೊತ್ತಾಯ್ತು. ಮಧ್ಯಾಹ್ನ ನಾನು ಮಲಾಬೊಗೆ ವಾಪಸ್. ನಿಮ್ಮ ಚೀಲ ಇಲ್ಲೇ ಇಳಿಸಲಾ, ಕಾರಲ್ಲೇ ಇರಲಾ?”

ಹಸಿಂತೊ ಮಿಲಾಗ್ರೊಸಾಳ ಮುಖ ನೋಡಿದ. ಇರು ಎನ್ನುವ ಹಕ್ಕು ತನಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇರುತ್ತೇನೆ ಎನ್ನುವ ಹಕ್ಕು ತನಗಿಲ್ಲವೆಂದು ಅವನಿಗೆ ಅನ್ನಿಸಿತು.

ಅವಳು ತುರಿಸುವ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಹೆರೆದಿಟ್ಟ ಗೆಡ್ಡೆಯ ಕಡೆ ನೋಡಿದಳು.

“ಗೆಡ್ಡೆ… ನಾಲ್ಕು ಜನಕ್ಕೆ ಆಗೋಷ್ಟಿದೆ,” ಎಂದಳು.

ಅವನು ಗೆಡ್ಡೆ ನೋಡಿದ, ಅವಳನ್ನು ನೋಡಿದ, ಅಂಗಿಯ ತೋಳಿಂದ ಕಣ್ಣೊರೆಸಿಕೊಂಡ.

ತೆಕ್ಲಾ ಬೇಲಿ ದಾಟಿ ಬಂದಳು. ಪರೀಕ್ಷೆ ಮರೆತಿತ್ತು. ಆ ದೊಡ್ಡ ಬಲಗೈಯನ್ನು, ಅದು ಮತ್ತೆ ಸಮುದ್ರದ ಕಡೆ ಏಳದ ಹಾಗೆ, ತನ್ನ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಒಮ್ಮೆ ಅಮ್ಮನ ಮುಖ ನೋಡಿದಳು. ಈ ಸಲ ನುಂಗಲಿಲ್ಲ.

“ಅಪ್ಪಾ… ನೀವು ಇರೋಕೆ ಬಂದ್ರಾ, ಹೋಗೋಕೆ ಬಂದ್ರಾ?”