ಏಳನೇ ಸಾಲಿನ ಅಜ್ಜನ ಜ್ವರ

ಆ ಸರ್ವರ್ ಹಾಲ್‌ನ ಚಳಿ ಎಂಥದ್ದೆಂದರೆ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನಡುಗಿ ಒಂದೊಂದು ಸೆಕೆಂಡನ್ನು ಎರಡೆರಡು ಸಲ ತೋರಿಸುತ್ತಿತ್ತು. ಹೊಸದಾಗಿ ಸೇರಿದ ಟೆಕ್ನೀಷಿಯನ್ ಮೊದಲ ದಿನವೇ ಒಂದು ಉಪಾಯ ಕಂಡುಕೊಂಡ. ಏಳನೇ ಸಾಲಿನಲ್ಲಿ ಎಲ್ಲರೂ ‘ಅಜ್ಜ’ ಎನ್ನುವ ಹಳೇ ಸರ್ವರ್ ಇತ್ತು. ಅದರ ಬೆನ್ನಿನಿಂದ ಬಿಸಿಗಾಳಿ ಬರುತ್ತಿತ್ತು. ಬೆಚ್ಚಗಾಗಲಿ ಎಂದು ತನ್ನ ಸ್ವೆಟರನ್ನು ಅಲ್ಲಿ ನೇತುಹಾಕಿದ.

ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಒಂದು ಹೆಣ್ಣು ದನಿ.

“ಕಂಟ್ರೋಲ್ ರೂಮಿಂದ ಮಾತಾಡ್ತಿದೀನಿ. ಅಜ್ಜಂಗೆ ಜ್ವರ ಏರ್ತಿದೆ. ಇಲ್ಲಿಂದಾನೇ ಫ್ಯಾನ್ ಜೋರು ಮಾಡ್ದೆ, ಇಳೀತಾನೇ ಇಲ್ಲ. ಸ್ವಲ್ಪ ನೋಡ್ತೀರಾ?”

ಕಂಟ್ರೋಲ್ ರೂಮ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲೇ ಕೂತು ನೂರಾರು ಸರ್ವರ್‌ಗಳ ಮೈಬಿಸಿ ನೋಡುವುದು, ಹಟ ಹಿಡಿದವನ್ನು ಆಫ್ ಮಾಡಿ ಆನ್ ಮಾಡುವುದು ಅವಳ ಕೆಲಸ. ಅವಳ ಕೈಗೆಟುಕದ್ದಕ್ಕೆ ಮಾತ್ರ ಇವನು.

ಸ್ವೆಟರ್ ತೆಗೆದ. ಜ್ವರ ಇಳಿಯಿತು.

“ಅಬ್ಬಾ! ಏನ್ ಮಾಡಿದ್ರಿ?”

“ಏನಿಲ್ಲ, ಬೆನ್ನು ಸವರ್ದೆ.”

ಅವಳು ನಕ್ಕಳು. ಆ ನಗು ಇವನ ಕಿವಿಯಿಂದ ಒಳಗಿಳಿದು, ಬಾಡಿಗೆಯ ಮಾತೇ ಎತ್ತದೆ ಎದೆಯಲ್ಲಿ ಮನೆ ಹೂಡಿತು.

ಮರುದಿನದಿಂದ ಅಜ್ಜನಿಗೆ ಮಧ್ಯಾಹ್ನದ ಊಟವಾಗುತ್ತಲೇ ತಪ್ಪದೆ ಜ್ವರ ಬರತೊಡಗಿತು.

“ಈಗ ಹೇಗಿದ್ದಾರೆ ಅಜ್ಜ?”

“ನಿಮ್ಮ ದನಿ ಕೇಳಿದ್ಮೇಲೆ ಪರವಾಗಿಲ್ಲ.”

“ಅಜ್ಜಂಗೆ ಕಿವಿ ಬೇರೆ ಇದ್ಯಾ?”

“ಪಕ್ಕದಲ್ಲಿ ನಿಂತೋರಿಗಿದೆ.”

ಒಂದು ದಿನ ಅವಳ ದನಿ ಸಣ್ಣಗಾಗಿತ್ತು. “ದಿನಾ ಜ್ವರ ಅಂತ ಮ್ಯಾನೇಜರ್ ಅಜ್ಜನ್ನ ನಾಳೆ ಗುಜರಿಗೆ ಹಾಕ್ತಾರಂತೆ. ಹೊಸದು ಬಂದ್ರೆ ಎಲ್ಲಾ ಇಲ್ಲಿಂದಾನೇ ಆಗುತ್ತೆ. ನಾನು ಫೋನ್ ಮಾಡೋ ಅಗತ್ಯಾನೇ ಇರಲ್ಲ.”

ಇವನು ಸ್ವೆಟರನ್ನು ಅಜ್ಜನ ಬೆನ್ನಿನಿಂದ ಎಳೆದುಕೊಂಡ. ನಿಜ ಹೇಳಿದರೆ ಕೆಲಸಕ್ಕೆ ಸಂಚಕಾರ. ಹೇಳದಿದ್ದರೆ ಆ ದನಿಯೂ ಇಲ್ಲ, ಏನೂ ತಪ್ಪು ಮಾಡದ ಅಜ್ಜನೂ ಇಲ್ಲ.

“ಅಜ್ಜಂಗೆ ಏನೂ ಆಗಿಲ್ಲ ಕಣ್ರೀ. ನಾನೇ ಬೆನ್ನಿಗೆ ಸ್ವೆಟರ್ ಹೊದಿಸ್ತಿದ್ದೆ.”

“ಯಾಕೆ?”

“ನೀವು ಫೋನ್ ಮಾಡ್ಲಿ ಅಂತ.”

ಹಾಲ್‌ನ ಅಷ್ಟೂ ಫ್ಯಾನುಗಳು ಉಸಿರು ಬಿಗಿಹಿಡಿದವು.

“ಗೊತ್ತಿತ್ತು,” ಎಂದಳು. “ಯಂತ್ರಕ್ಕೆ ಊಟ ಆದ್ಮೇಲೇ ಜ್ವರ ಬರುತ್ತಾ? ಗ್ರಾಫ್ ನೋಡೋದೇ ನನ್ನ ಕೆಲಸ.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ.”

ಸಂಜೆಯೇ ಅವನು ಮ್ಯಾನೇಜರ್ ಮುಂದೆ ನಿಂತು ಎಲ್ಲ ಒಪ್ಪಿಕೊಂಡ, ಅವಳಿಗೆ ಗೊತ್ತಿದ್ದದ್ದೊಂದನ್ನು ಬಿಟ್ಟು. ಅಜ್ಜ ಬಚಾವಾದ. ಮ್ಯಾನೇಜರ್ ಮಾತ್ರ ಕೆಂಡವಾದರು.

“ನಿನ್ನನ್ನ ಇಲ್ಲೇ ಬಿಟ್ರೆ ನಾಳೆ ಮನೆಮಂದಿ ಬಟ್ಟೆಯೆಲ್ಲಾ ತಂದು ಒಣಗಿಸ್ತೀಯ! ಇನ್ಮೇಲೆ ಒಂದು ಸರ್ವರ್ ಕೂಡ ನಿನ್ನ ಕೈಗೆ ಸಿಗಬಾರ್ದು. ಹೋಗು, ಕಂಟ್ರೋಲ್ ರೂಮಲ್ಲಿ ಬಿದ್ದಿರು!”

ಇಂಥ ಘೋರ ಶಿಕ್ಷೆಯನ್ನು ಅವನು ತಲೆ ತಗ್ಗಿಸಿಯೇ ಸ್ವೀಕರಿಸಿದ. ಎತ್ತಿದ್ದರೆ ಮುಖ ಕಾಣುತ್ತಿತ್ತಲ್ಲ!

ಅಲ್ಲಿ ಖಾಲಿ ಇದ್ದದ್ದು ಅವಳ ಪಕ್ಕದ ಕುರ್ಚಿಯೊಂದೇ. ಫೋನಿನಲ್ಲಿ ಪಟಪಟ ಎನ್ನುತ್ತಿದ್ದ ಇಬ್ಬರಿಗೂ ಈಗ ನಾಲಿಗೆ ಏಳಲಿಲ್ಲ. ಅವಳು ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಪರದೆಯ ಗಾಜಿನಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿ, ಇಬ್ಬರೂ ಒಟ್ಟಿಗೇ ಕೀಬೋರ್ಡ್ ನೋಡಿದರು.

ಕೊನೆಗೆ ಅವಳೇ ಅಂದಳು. “ನೀವು ಮನೆಗೆ ಯಾವಾಗ ಬರ್ತೀರಿ ಅಂತ ಅಮ್ಮ ಕೇಳ್ತಿದ್ರು.”

“ನಾನು ಯಾರು ಅಂತ ಹೇಳಿದ್ದೀರಿ?”

“ಜೊತೇಲಿ ಕೆಲಸ ಮಾಡೋರು ಅಂತ.” ಅವಳ ಕೆನ್ನೆ ಕೆಂಪಾಯಿತು. “ಅಳಿಯ ಅಂದಿದ್ದು ಅಮ್ಮ. ನಾನು ತಿದ್ದೋಕೆ ಹೋಗ್ಲಿಲ್ಲ.”