ಕಣ್ಣು ಮುಚ್ಚದ ಮಾಂತ್ರಿಕ ಮತ್ತು ಅಜ್ಜನ ಮನೆಗಾಡಿ

ಬಹಳ ಹಿಂದೆ, ಕರಡಿ ಮೊಸಳೆಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಾರು ಎಂಬ ರಾಜ್ಯವಿತ್ತು. ಅಲ್ಲಿ ಹಾಲಪ್ಪ, ಬೊಮ್ಮಕ್ಕ ಎಂಬ ಅಣ್ಣ ತಂಗಿ ಇದ್ದರು. ಅವರಿಗೆ ಅಜ್ಜನ ಕಾಲದ ಮನೆಗಾಡಿಯೊಂದನ್ನು ಬಿಟ್ಟರೆ ಬೇರೆ ಮನೆಯಿರಲಿಲ್ಲ. ಅದಕ್ಕೆ ಎತ್ತೂ ಬೇಡ, ಕುದುರೆಯೂ ಬೇಡ. ಒಂದು ಚೊಂಬು ಹೊಂಗೆ ಎಣ್ಣೆ ಕುಡಿಸಿದರೆ ತಾನೇ ಗುಡುಗುಡು ಎಂದು ಹೊರಡುತ್ತಿತ್ತು. ಕೆಳಗೆ ಗಿಳಿಹಸಿರು, ಮೇಲೆ ಕೆನೆ ಬಣ್ಣ, ಮುಂದೆ ಎರಡು ದುಂಡು ದೀಪ. ಒಳಗೆ ಹಲಗೆ ಎತ್ತಿದರೆ ಒಲೆ, ಬೆಂಚು ಎಳೆದರೆ ಮಂಚ. ಹಿಡಿ ತಿರುಗಿಸಿದರೆ ಗಾಡಿಯ ಮಾಡು ಕೊಡೆಯಂತೆ ಮೇಲೇಳುತ್ತಿತ್ತು. ಎಂಥಾ ಚೆಂದದ ಗಾಡಿ ಅಂತೀರಿ! ಅದನ್ನು ಕಂಡವರು ಯಾರೂ ಒಳಗೆ ಇಣುಕದೆ ಹೋದದ್ದಿಲ್ಲ. ಐಬು ಅಂತ ಇದ್ದದ್ದು ಒಂದೇ. ಏರು ಬಂದರೆ ಆಮೆಯೂ ಅದನ್ನು ಹಿಂದೆ ಹಾಕುತ್ತಿತ್ತು.

ಆ ಐಬೇ ಮುಳುವಾಯಿತು. ಒಮ್ಮೆ ಅಣ್ಣ ತಂಗಿ ಘಟ್ಟ ಏರುತ್ತಿದ್ದಾಗ ಹಿಂದಿನಿಂದ ಬಂಗಾರದ ರಥ ಬಂತು. ಅದರಲ್ಲಿದ್ದವನು ಬಿಡುಗಣ್ಣ ಎಂಬ ಮಾಂತ್ರಿಕ. ಕಣ್ಣು ಮುಚ್ಚಿ ನಿದ್ದೆಹೋದರೆ ಅವನು ಮಾಡಿದ ಮಾಟ, ಕಲಿತ ಮಂತ್ರ ಎಲ್ಲವೂ ಕರಗಿಹೋಗುತ್ತಿತ್ತು. ಅದಕ್ಕೇ ಅವನು ಎಷ್ಟೋ ಕಾಲದಿಂದ ಮಲಗಿರಲಿಲ್ಲ. ನಿದ್ದೆಗೆಟ್ಟವನ ಸಿಟ್ಟು ಕೇಳಬೇಕೆ?

"ದಾರಿ ಬಿಡೋ!" ಎಂದು ಕಿರುಚಿದ.

"ಸ್ವಲ್ಪ ತಡ್ಕೊಳ್ಳಿ ಸ್ವಾಮಿ, ಗಾಡಿಗೆ ವಯಸ್ಸಾಗಿದೆ" ಎಂದ ಹಾಲಪ್ಪ.

"ದಾರೀಲಿ ನಿಲ್ಲೋಕೆ ಅಷ್ಟು ಆಸೆಯೇ? ಹಾಗಾದರೆ ನಿಂತೇ ಇರು!"

ಹಾಲಪ್ಪ ಮೈಲಿಗಲ್ಲಾದ. ಮಾಂತ್ರಿಕ ಆ ಕಲ್ಲನ್ನು ಒಯ್ದು ತನ್ನ ಕೋಟೆಯ ಬಾಗಿಲಲ್ಲಿ ನೆಟ್ಟ. ಅಲ್ಲಿ ಅಂಥ ಕಲ್ಲುಗಳ ಸಾಲೇ ಇತ್ತು.

ಬೊಮ್ಮಕ್ಕ ಅತ್ತಳು, ಕಣ್ಣೊರೆಸಿಕೊಂಡಳು, ರಾಜನ ಬಳಿ ಹೋದಳು.

"ನಾನೇನು ಸುಮ್ಮನಿದ್ದೇನಾ ತಾಯಿ?" ಎಂದ ರಾಜ. "ಅವನನ್ನ ಮಲಗಿಸೋಕೆ ಹಂಸತೂಲಿಕಾತಲ್ಪ ಕಳಿಸಿದೆ, ವೀಣೆಯವರನ್ನ ಕಳಿಸಿದೆ. ಹೋದವರೆಲ್ಲ ಕಲ್ಲಾದರು. ನೀನು ಈ ಡಬ್ಬಾ ಗಾಡಿ ತಗೊಂಡು ಹೋಗ್ತೀಯಾ?"

"ಹೋಗ್ತೀನಿ ಬುದ್ಧಿ. ನಮ್ಮ ಗಾಡೀಲಿ ಮಲಗಿ ನಿದ್ದೆ ಬರದೋರನ್ನ ನಾನಿನ್ನೂ ಕಂಡಿಲ್ಲ" ಎಂದಳು ಬೊಮ್ಮಕ್ಕ.

ಘಟ್ಟದ ಬುಡದಲ್ಲಿ ಮಾಂತ್ರಿಕನ ಕರಡಿ ಅಡ್ಡ ನಿಂತಿತು. "ನಿನ್ನ ಗಾಡಿ ಮುರೀತೀನಿ."

"ಮುರಿಯುವೆಯಂತೆ ಕರಡಿಯಣ್ಣ, ಮೊದಲು ಒಳಗೆ ಬಂದು ನೋಡು."

ಕರಡಿ ಒಳಗೆ ಬಂತು. ಇದ್ದಬದ್ದ ಮುಚ್ಚಳಗಳನ್ನೆಲ್ಲ ತೆಗೆದು ಹಾಕಿ, ತೆಗೆದು ಹಾಕಿ ನೋಡಿತು. ಬಿಸಿ ಗಂಜಿ ಕುಡಿಯಿತು. ಕೊನೆಗೆ ಹಿಂದೆ ನಿಂತು ಗಾಡಿಯನ್ನು ಘಟ್ಟದ ತುದಿಯವರೆಗೆ ತಾನೇ ನೂಕಿಕೊಟ್ಟಿತು.

ಘಟ್ಟದಾಚೆ ತುಂಬಿದ ಹೊಳೆ. ಹೊಳೆಯಲ್ಲಿ ಮೊಸಳೆ. "ನಿನ್ನ ಗಾಡಿ ನುಂಗ್ತೀನಿ."

"ನುಂಗುವೆಯಂತೆ ಮೊಸಳೆಯಕ್ಕ, ಮೊದಲು ಒಳಗೆ ಬಂದು ನೋಡು."

ಮೊಸಳೆಯ ಮೂತಿ ಮಾತ್ರ ಒಳಗೆ ಹಿಡಿಸಿತು. ಆದರೂ ಅದು ಹೂವಿನ ಪರದೆಯನ್ನು ಸರಿಸಿ, ಪುಟ್ಟ ಕಿಟಕಿಯಿಂದ ತನ್ನದೇ ಹೊಳೆಯನ್ನು ನೋಡಿತು. "ಅಯ್ಯೋ, ನನ್ನ ಹೊಳೆ ಇಷ್ಟು ಚೆಂದ ಇದೆಯಾ!" ಎಂದಿತು. ಗಾಡಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿತು.

ಕೋಟೆಯ ಬಾಗಿಲಲ್ಲಿ ಬಿಡುಗಣ್ಣ ನಿಂತಿದ್ದ. ಕಣ್ಣುಗಳು ಕೆಂಡದಂತೆ ಉರಿಯುತ್ತಿದ್ದವು. "ನಿನ್ನನ್ನೂ ಕಲ್ಲು ಮಾಡ್ತೀನಿ."

"ಮಾಡುವಿರಂತೆ ಸ್ವಾಮಿ, ಮೊದಲು ಒಳಗೆ ಬಂದು ನೋಡಿ."

"ನನಗೆ ನೂರು ಕೋಣೆಯ ಅರಮನೆ ಇದೆ. ಈ ಹಳೇ ಡಬ್ಬಾದಲ್ಲಿ ನೋಡೋದೇನಿದೆ?" ಎಂದು ಕೋಲೆತ್ತಿ ಮಂತ್ರ ಶುರುಮಾಡಿಯೇಬಿಟ್ಟ. ಬೊಮ್ಮಕ್ಕನ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಆದರೆ ಮಾಂತ್ರಿಕನ ಕಣ್ಣು ಗಾಡಿಯ ತೆರೆದ ಬಾಗಿಲಿನೊಳಗೆ ಜಾರಿತು, ಮಂತ್ರ ಅರ್ಧಕ್ಕೇ ನಿಂತಿತು.

"ಬೆಂಚಿನ ಕೆಳಗೆ ಅದೇನು ಹಿಡಿ?"

"ಎಳೆದು ನೋಡಿ ಸ್ವಾಮಿ."

ಒಳಗೆ ಹೋಗಿ ಎಳೆದ. ಮಂಚವಾಯಿತು. "ಇಷ್ಟು ಚಿಕ್ಕ ಮಂಚ! ಕಾಲು ಎಲ್ಲಿ ಸಾಲುತ್ತೆ?" ಎಂದು ಗೊಣಗಿ, ಸಾಲುವುದಿಲ್ಲ ಎಂದು ತೋರಿಸಲೆಂದೇ ಮಲಗಿದ. ಸಾಲಿತು. ಕೈ ಚಾಚಿದರೆ ನೀರಿನ ಹೂಜಿ, ತಲೆ ಹೊರಳಿಸಿದರೆ ಕಿಟಕಿ. ಅವನ ಅರಮನೆಯಲ್ಲಿ ನೀರು ಕುಡಿಯಬೇಕಾದರೆ ಮೂವತ್ತು ಕೋಣೆ ದಾಟಬೇಕಿತ್ತು.

ಅಷ್ಟರಲ್ಲಿ ಮಾಡಿನ ಮೇಲೆ ಟಪಟಪ ಎಂದು ಸೋನೆ ಬಿತ್ತು. ಮನೆಗಾಡಿಯಲ್ಲಿ ಬೆಚ್ಚಗೆ ಮಲಗಿ ಮಳೆ ಕೇಳುವ ಸುಖ ಉಂಡವರಿಗೇ ಗೊತ್ತು! "ಒಂದೇ ಒಂದು ಕಣ್ಣು ಮುಚ್ತೀನಿ, ಇನ್ನೊಂದು ತೆರೆದಿರುತ್ತೆ" ಎಂದ ಬಿಡುಗಣ್ಣ. ಹೇಳಿ ಮುಗಿಸುವ ಮೊದಲೇ ಗೊರಕೆ ಹೊಡೆದ.

ಬೊಮ್ಮಕ್ಕನ ಕಾಲು ಮೆತ್ತಗಾಯಿತು. ಕಲ್ಲುಗಳೆಲ್ಲ ಮನುಷ್ಯರಾದವು. ಹಾಲಪ್ಪ ಓಡಿಬಂದು ತಂಗಿಯ ಕೈ ಹಿಡಿದುಕೊಂಡ.

"ನಮ್ಮ ಗಾಡಿಯ ಸದ್ದು ದೂರದಿಂದಲೇ ಕೇಳಿಸ್ತು ಕಣವ್ವ. ಕೂಗೋಣ ಅಂದರೆ ಬಾಯಿರಲಿಲ್ಲ."

ಅಂದು ಕಣ್ಣೊರೆಸಿಕೊಂಡ ಮೇಲೆ ಅಳು ತಡೆದುಕೊಂಡಿದ್ದ ಬೊಮ್ಮಕ್ಕ ಈಗ ಗೊಳೋ ಎಂದು ಅತ್ತಳು. ವೀಣೆಯವರು ಸಿಟ್ಟಿನಿಂದ ದೊಣ್ಣೆ ಹಿಡಿದು ಗಾಡಿಯತ್ತ ನುಗ್ಗಿದರು. ಹಾಲಪ್ಪ ಬಾಗಿಲಿಗೆ ಅಡ್ಡ ನಿಂತ.

"ಹೊಡೀಬೇಡಿ. ಎಷ್ಟು ದಿನದ ನಿದ್ದೆಯೋ ಏನೋ, ಪಾಪ. ಮಲಗಲಿ."

ಅವರೆಲ್ಲ ದೊಣ್ಣೆ ಬಿಸುಟು ಊರ ದಾರಿ ಹಿಡಿದರು. ಮಾಂತ್ರಿಕ ಎದ್ದಾಗ ಒಂದು ಮಂತ್ರವೂ ನೆನಪಿರಲಿಲ್ಲ. ಹೊಟ್ಟೆ ಮಾತ್ರ ಹಸಿದಿತ್ತು. ಬೊಮ್ಮಕ್ಕ ಒಲೆ ಹಚ್ಚಿ ಗಂಜಿ ಕಾಯಿಸಿದಳು, ಮೂವರೂ ಮೆಟ್ಟಿಲ ಮೇಲೆ ಕೂತು ಉಂಡರು. ಅಂದಿನಿಂದ ಹೊನ್ನಾರಿನಲ್ಲಿ ಎಲ್ಲರೂ ಹೊತ್ತಿಗೆ ಉಂಡು, ಹೊತ್ತಿಗೆ ಮಲಗಿ, ಒಬ್ಬರಿಗೊಬ್ಬರು ಹೆದರದೆ ಸುಖವಾಗಿ ಬಾಳಿದರು.