ನಲವತ್ತು ಜೊತೆ ಬೂಟು

೨೦೨೫ರ ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ೧೦.೨೦ಕ್ಕೆ ಅಮೆರಿಕದ ಹೇವರ್ಡ್ ಊರಿನ ಪೊಲೀಸ್ ಠಾಣೆಗೆ ಲೋರೇನ್ ಫಗುಂಡೆಸ್ ಬಂದು ದೂರು ಕೊಟ್ಟರು. ಆಕೆ ಊರಿನ ಒಂದು ಖಾಸಗಿ ದಾಖಲೆ ಸಂಗ್ರಹದ ಮೇಲ್ವಿಚಾರಕಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕರಿಗೆ ಬೂಟು, ಕಂಬಳಿ, ಹಿಟ್ಟು ಒದಗಿಸುತ್ತಿದ್ದ ಸರಬರಾಜು ಅಧಿಕಾರಿಯೊಬ್ಬನಿಗೆ ಬಂದ ಪತ್ರಗಳು ಅಲ್ಲಿದ್ದವು. ಅವುಗಳಲ್ಲಿ ೧೭೭೮ರ ಒಂದು ಪತ್ರ ಕಾಣೆಯಾಗಿತ್ತು. ಸಂಗ್ರಹ ಮಾರಾಟವಾಗಿತ್ತು, ಶುಕ್ರವಾರ ಬಾಸ್ಟನ್‌ಗೆ ಹೋಗಬೇಕಿತ್ತು.

ಪ್ರಕರಣ ದಾಖಲಿಸಿಕೊಂಡ ಡಿಟೆಕ್ಟಿವ್ ಗುರುಕಿರಣ್ ೧೧ ಗಂಟೆಗೆ ಸ್ಥಳ ಪರಿಶೀಲಿಸಿದ. ಬೀಗ ಮುರಿದಿರಲಿಲ್ಲ. ಓದುಕೋಣೆಯ ರಿಜಿಸ್ಟರಿನಲ್ಲಿ ಆ ಪತ್ರವಿದ್ದ ಪೆಟ್ಟಿಗೆಯ ಎದುರು ಹಿಂದಿನ ಆರು ದಿನವೂ ಒಂದೇ ಹೆಸರು: ಸುಧನ್ವ ವ್ಯಾಸರಾಜ.

“ಇವರು ಗೊತ್ತೇ?”

ಲೋರೇನ್ ಹೆಸರನ್ನು ಎರಡು ಸಲ ಓದಿದರು. “ಐದು ವರ್ಷ ಇಲ್ಲೇ ಕೂತು ಸಂಶೋಧನೆ ಮಾಡಿದ. ನವೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.”

“ಮತ್ತೆ ನಿನ್ನೆ ಸಹಿ ಮಾಡಿದ್ದು?”

ಆಕೆಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಆಕೆ ರಜೆಯಲ್ಲಿದ್ದರು. ಬಾಗಿಲಲ್ಲಿ ಕೂತದ್ದು ಹೊಸ ಗುಮಾಸ್ತ. ಓದುಗರ ಕಾರ್ಡಿನಲ್ಲಿ ಫೋಟೋ ಇರುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಕಂಡದ್ದು ಸ್ವೆಟರ್ ತೊಟ್ಟ ಮುದುಕರೊಬ್ಬರು, ಕೈಯಲ್ಲಿ ಭೂತಗನ್ನಡಿ.

ಕಾರ್ಡಿನಲ್ಲಿದ್ದ ವಿಳಾಸ ಹತ್ತಿರದ ಸಾಂಟಾ ಕ್ಲಾರಾ ಊರಿನದು. ನ್ಯಾಯಾಧೀಶರಿಂದ ಸರ್ಚ್ ವಾರಂಟ್ ಪಡೆದು, ೩.೦೫ಕ್ಕೆ ಗುರುಕಿರಣ್ ಇಬ್ಬರು ಸಿಬ್ಬಂದಿಯೊಂದಿಗೆ ಆ ಮನೆಯ ಬಾಗಿಲು ತಟ್ಟಿದ. ತೆರೆದವರು ಸುಧನ್ವನ ತಾಯಿ ವೇದವತಿ.

“ಸುಧನ್ವ ಅವರ ವಿಷಯ ಮಾತಾಡ್ಬೇಕಿತ್ತಮ್ಮ.”

ಕನ್ನಡ ಕೇಳಿ ಆಕೆ ಅವನ ಮುಖವನ್ನೇ ನೋಡಿದರು. “ಬಾಪ್ಪ. ಅವನನ್ನ ಕೇಳ್ಕೊಂಡು ಈಗ ಯಾರೂ ಬರಲ್ಲ.”

ಊಟದ ಮೇಜಿನ ಮುಂದೆ ತಂದೆ ವ್ಯಾಸರಾಜರು ಕೂತಿದ್ದರು. ನಿವೃತ್ತ ಚಿಪ್ ಎಂಜಿನಿಯರ್. ಎದುರಿಗೆ ಪ್ಲಾಸ್ಟಿಕ್ ಹಾಳೆಯೊಳಗೆ ಕಂದು ಬಣ್ಣದ ಪತ್ರ, ಪಕ್ಕದಲ್ಲಿ ಮಗನ ನೋಟ್‌ಬುಕ್. ಸುಮ್ಮನಿರುವ ಹಕ್ಕು, ವಕೀಲರನ್ನು ಪಡೆಯುವ ಹಕ್ಕು, ಎರಡನ್ನೂ ಗುರುಕಿರಣ್ ತಿಳಿಸಿದ. ಅವರು ತಲೆಯಾಡಿಸಿದರು.

“ಇದನ್ನ ತಂದವರು ನೀವೇನಾ, ಸರ್?”

“ನಾನೇ. ಅವನ ಕಾರ್ಡಲ್ಲಿ ಹೋದೆ. ಸಹೀನೂ ಅವನದೇ ಹಾಕ್ದೆ. ಕೊನೇ ದಿನ ಸ್ವೆಟರ್ ಒಳಗಿಟ್ಕೊಂಡು ಬಂದೆ.”

“ಮಾರೋಕಾ?”

“ಛೆ! ಓದೋಕೆ. ಎಲ್ಲಾ ಪತ್ರಾನೂ ಅವನು ಈ ನೋಟ್‌ಬುಕ್ಕಲ್ಲಿ ಇಳಿಸಿಟ್ಟಿದಾನೆ. ಈ ಪತ್ರ ಒಂದು ಉಳೀತು.”

“ಅಲ್ಲೇ ಕೂತು ಬರ್ಕೋಬಹುದಿತ್ತಲ್ವಾ?”

“ಆರು ದಿನ ಕೂತೆ. ಹಳೇ ಬರವಣಿಗೆ, ನನಗೆ ಕಣ್ಣಿನ ಪೊರೆ. ಒಂದು ಸಾಲೂ ಆಗ್ಲಿಲ್ಲ. ಫೋಟೋ ತೆಗೆಯೋ ಹಾಗಿಲ್ಲ, ಪೆಟ್ಟಿಗೆ ಹೊರಟುಬಿಡತ್ತೆ ಅಂದ್ರು.”

೩.೫೦ಕ್ಕೆ ಗುರುಕಿರಣ್ ವ್ಯಾಸರಾಜರನ್ನು ಬಂಧಿಸಿ, ಪತ್ರವನ್ನೂ ನೋಟ್‌ಬುಕ್ಕನ್ನೂ ವಶಪಡಿಸಿಕೊಂಡ. ವೇದವತಿ ಗಂಡನ ಕಣ್ಣಿನ ಹನಿಗಳ ಸೀಸೆಯನ್ನು ಅವನ ಕೈಗೆ ಕೊಟ್ಟು, “ಆರು ಗಂಟೆಗೊಂದು ಸಲ ಹಾಕ್ಬೇಕು” ಎಂದಷ್ಟೇ ಹೇಳಿದರು.

೫.೧೫ಕ್ಕೆ ಠಾಣೆಯಲ್ಲಿ ಲೋರೇನ್ ಪತ್ರವನ್ನು ಗುರುತಿಸಿದರು. ವ್ಯಾಸರಾಜರು ಇಂಗ್ಲಿಷಿನಲ್ಲಿ ಕೇಳಿದರು: “ಇದರಲ್ಲಿ ಏನು ಬರೆದಿದೆ? ದಯವಿಟ್ಟು.”

ಲೋರೇನ್ ಗುರುಕಿರಣ್ ಕಡೆ ನೋಡಿದರು. ಅವನು ತಡೆಯಲಿಲ್ಲ. ಆಕೆ ನಿಧಾನವಾಗಿ ಓದಿದರು: “ನೀವು ಕಳಿಸಿದ ನಲವತ್ತು ಜೊತೆ ಬೂಟು ಇಂದು ತಲುಪಿದವು. ಕೇಳಿದ್ದವರಲ್ಲಿ ಒಂಬತ್ತು ಜನ ಉಳಿದಿದ್ದಾರೆ. ಮಿಕ್ಕವನ್ನು ಏನು ಮಾಡಬೇಕೆಂದು ತಿಳಿಸಿ.”

ವ್ಯಾಸರಾಜರು ಮೇಜಿನ ಅಂಚು ಹಿಡಿದುಕೊಂಡು ಬಹಳ ಹೊತ್ತು ಅತ್ತರು.

ಹೇಳಿಕೆಯ ಕೊನೆಯಲ್ಲಿ ಗುರುಕಿರಣ್ ವ್ಯಾಸರಾಜರ ಮಾತನ್ನೇ ಬರೆದುಕೊಂಡ: “ಕೆಲಸ ಬಿಟ್ಟು ಇತಿಹಾಸ ಹಿಡಿದ ಅಂತ ಎರಡು ವರ್ಷ ಅವನ ಹತ್ತಿರ ಮಾತು ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಮೂರು ಸಲ ಈ ಪತ್ರದ ವಿಷಯ ಹೇಳೋಕೆ ಹೊರಟ. ಯಾರ ಬೂಟು ಎಲ್ಲಿಗೆ ಹೋದ್ರೆ ನಮಗೇನೋ, ಮಲಗು ಅಂದೆ. ಮಲಗಿದ.”